ವಾರೆಯಾದ ಮುಖಕ್ಕೆ ನಡುಗೆರೆ

ಯಾರ ಮುಖವೂ ಎಡಬಲದಲ್ಲಿ ಪೂರ್ತಿ ಒಂದೇ ಸಮ ಇರುವುದಿಲ್ಲ. ಒಂದು ಹುಬ್ಬು ಚೂರು ಮೇಲೆ, ಒಂದು ಕೆನ್ನೆ ಚೂರು ತುಂಬಿಕೊಂಡು ಇರುವುದು ಸಹಜ. ಒಂದೆರಡು ಮಿಲಿಮೀಟರಿನ ವ್ಯತ್ಯಾಸ ಮನೆಯವರ ಕಣ್ಣಿಗೂ ಬೀಳುವುದಿಲ್ಲ. ಗದ್ದದ ತುದಿ ನಡುಗೆರೆಯಿಂದ ಸುಮಾರು 4 ಮಿಲಿಮೀಟರ್ ಪಕ್ಕಕ್ಕೆ ಸರಿದಾಗ, ಇಲ್ಲವೇ ಮೇಲಿನ ಹಲ್ಲಿನ ಸಾಲು ಸುಮಾರು 4 ಡಿಗ್ರಿ ಓರೆಯಾದಾಗ, ಎದುರು ಕುಳಿತವರಿಗೆ ಮುಖ ವಾರೆ ಎನ್ನಿಸತೊಡಗುತ್ತದೆ. ಅಷ್ಟು ಹೊತ್ತಿಗೆ ಬಹಳ ಸಲ ಒಳಗಿನ ತೊಂದರೆಗಳೂ ಶುರುವಾಗಿರುತ್ತವೆ. ಹಲ್ಲು ಹಲ್ಲಿಗೆ ಕೂಡುವುದಿಲ್ಲ, ಊಟವೆಲ್ಲ ಒಂದೇ ಬದಿಯಲ್ಲಿ ಅಗಿಯಬೇಕಾಗುತ್ತದೆ, ಕೆಲವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ದವಡೆಯ ಮೂಳೆಯನ್ನು ಕತ್ತರಿಸಿ, ಸರಿಯಾದ ಜಾಗಕ್ಕೆ ಸರಿಸಿ, ಟೈಟಾನಿಯಂ ಪ್ಲೇಟು ಮತ್ತು ಸ್ಕ್ರೂ ಹಾಕಿ ನಿಲ್ಲಿಸುವುದು ಇದಕ್ಕಿರುವ ಶಸ್ತ್ರಚಿಕಿತ್ಸೆ. ಎಲ್ಲಿ ಕತ್ತರಿಸಬೇಕು, ಯಾವ ಕಡೆಗೆ ಎಷ್ಟು ಸರಿಸಬೇಕು ಎಂಬ ಲೆಕ್ಕವೆಲ್ಲ ಈಚಿನ ವರ್ಷಗಳಲ್ಲಿ ಪ್ಲಾಸ್ಟರ್ ಅಚ್ಚುಗಳಿಂದ ಕಂಪ್ಯೂಟರಿಗೆ ಬಂದಿದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕುಗಳ ಮಟ್ಟಿಗೆ ಮುಖ ವಾರೆಯಾಗುವುದು ಬಹಳ ಸಲ ಮಗುವೊಂದು ಬೀಳುವುದರಿಂದ ಶುರುವಾಗುತ್ತದೆ. ಜಗಲಿಯಿಂದಲೋ ಮರದಿಂದಲೋ ಸೈಕಲ್ಲಿನಿಂದಲೋ ಬಿದ್ದ ಮಗುವಿನ ಗದ್ದ ನೆಲಕ್ಕೆ ಬಡಿಯುತ್ತದೆ. ಗದ್ದದ ಅಡಿಯ ಚರ್ಮ ಒಡೆದು ರಕ್ತ ಬಂದಾಗ ಎಲ್ಲರ ಗಮನ ಗಾಯದ ಮೇಲಿರುತ್ತದೆ. ಎರಡು ಹೊಲಿಗೆ ಬೀಳುತ್ತವೆ, ವಾರದಲ್ಲಿ ಮಾಯುತ್ತದೆ. ಆದರೆ ಪೆಟ್ಟಿನ ಜೋರು ಗದ್ದದಲ್ಲೇ ನಿಂತಿರುವುದಿಲ್ಲ. ಅದು ಕೆಳದವಡೆಯ ಗುಂಟ ಹಿಂದಕ್ಕೆ ಹೋಗಿ, ಕಿವಿಯ ಮುಂದಿರುವ ಕೀಲಿನಲ್ಲಿ ದವಡೆಯ ಗುಂಡುತಲೆಯನ್ನು ಮುರಿಯಬಲ್ಲದು. ಈ ಗುಂಡುತಲೆಗೆ ಕಾಂಡೈಲ್ ಎನ್ನುತ್ತಾರೆ. ಕೀಲಿನೊಳಗೆ ಸೋರಿದ ರಕ್ತ ನಿಧಾನವಾಗಿ ಗಟ್ಟಿಯಾಗಿ, ಕೆಲವು ಮಕ್ಕಳಲ್ಲಿ ಮೂಳೆಯಾಗಿ, ದವಡೆಯನ್ನು ತಲೆಬುರುಡೆಗೆ ಬೆಸೆದುಬಿಡುತ್ತದೆ. ಬಾಯಿ ತೆರೆಯುವುದು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತದೆ. ಮೊದಲು ರೊಟ್ಟಿಯ ಮಡಿಕೆ ಬಾಯಿಗೆ ಹಿಡಿಯುವುದಿಲ್ಲ, ಆಮೇಲೆ ಮುದ್ದೆಯ ತುತ್ತು ಹೋಗುವುದಿಲ್ಲ, ಕೊನೆಗೆ ಹಲ್ಲಿನ ಸಂದಿಯಲ್ಲಿ ಗಂಜಿ, ಕಲಸಿದ ಅನ್ನ. ಹಿಂದೆ ಕಿವಿ ಸೋರುವ ಕಾಯಿಲೆಯೂ ಇದಕ್ಕೆ ದೊಡ್ಡ ಕಾರಣವಾಗಿತ್ತು. ಭಾರತದಲ್ಲಿ ಈಗ ಮುಖ್ಯ ಕಾರಣ ಪೆಟ್ಟು.

ಕಾಂಡೈಲು ಕೆಳದವಡೆಯ ಬೆಳವಣಿಗೆಗೆ ಮುಖ್ಯವಾದ ಜಾಗ. ಅದು ಹಾಳಾದ ಬದಿಯಲ್ಲಿ ದವಡೆ ಕುಳ್ಳಗೆ ಉಳಿಯುತ್ತದೆ, ಇನ್ನೊಂದು ಬದಿ ಬೆಳೆಯುತ್ತಲೇ ಹೋಗುತ್ತದೆ, ಗದ್ದ ಕೆಟ್ಟ ಬದಿಗೆ ವಾಲುತ್ತದೆ. ಇಲ್ಲಿ ನೋಡುವವರ ಕಣ್ಣಿಗೆ ಮೋಸವಾಗುವ ಒಂದು ಸಂಗತಿ ಇದೆ. ಕುಳ್ಳಗಾದ ಮೂಳೆಯ ಮೇಲೆ ಮಾಂಸ ಒತ್ತೊತ್ತಾಗಿ ಕೂತು ಕಾಯಿಲೆಯ ಬದಿಯ ಕೆನ್ನೆ ತುಂಬಿಕೊಂಡು ಕಾಣುತ್ತದೆ. ಒಳ್ಳೆಯ ಬದಿಯ ಮೂಳೆ ಉದ್ದವಾಗಿ ಎಳೆದುಕೊಂಡಿರುವುದರಿಂದ ಆ ಕೆನ್ನೆ ಚಪ್ಪಟೆ. ಹಾಗಾಗಿ ಅಪ್ಪ ಅಮ್ಮ ಬೆರಳಿಟ್ಟು ತೋರಿಸುವುದು ಬಹಳ ಸಲ ಒಳ್ಳೆಯ ಬದಿಯನ್ನೇ. ಗದ್ದದ ಅಡಿಯ ಹಳೆಯ ಹೊಲಿಗೆ ಗುರುತು, ಬಾಯಿ ತೆರೆದಾಗ ಗದ್ದ ಯಾವ ಕಡೆಗೆ ಎಳೆಯುತ್ತದೆ ಎಂಬುದು, ಕಿವಿಯ ಮುಂದೆ ಬೆರಳಿಟ್ಟಾಗ ಕೀಲು ಆಡುತ್ತದೆಯೋ ಇಲ್ಲವೋ ಎಂಬುದು, ಈ ಮೂರನ್ನು ನೋಡಿದರೆ ಅನುಭವಸ್ಥ ವೈದ್ಯರಿಗೆ ಸ್ಕ್ಯಾನಿಗೆ ಮೊದಲೇ ಅರ್ಧ ವಿಷಯ ತಿಳಿಯುತ್ತದೆ.

ಇದಕ್ಕೆ ತಿರುಗಾಮುರುಗಾ ಆದ ಕಾಯಿಲೆಯೂ ಉಂಟು. ಹದಿಹರೆಯದಲ್ಲಿ ಒಂದು ಬದಿಯ ಕಾಂಡೈಲು ಬೆಳವಣಿಗೆ ನಿಲ್ಲಿಸದೆ ಹೋದರೆ ಗದ್ದ ಕಾಯಿಲೆಯ ಬದಿಯಿಂದ ಆಚೆಗೆ ತಳ್ಳಲ್ಪಡುತ್ತದೆ. ಹುಟ್ಟಿನಿಂದಲೇ ಒಂದು ಬದಿಯ ದವಡೆ, ಕಿವಿ, ಕೆನ್ನೆ ಎಲ್ಲ ಸಣ್ಣದಾಗಿರುವ ಸ್ಥಿತಿಗೆ ಹೆಮಿಫೇಶಿಯಲ್ ಮೈಕ್ರೋಸೋಮಿಯಾ ಎಂದು ಹೆಸರು. ಮುಖದ ಜನ್ಮಜಾತ ತೊಂದರೆಗಳಲ್ಲಿ ಸೀಳುತುಟಿ, ಸೀಳು ಅಂಗುಳ ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ. ವಾರೆಯಾಗಿ ಕೂಡಿಕೊಂಡ ಹಳೆಯ ಮುರಿತ, ದವಡೆಯ ಗಡ್ಡೆ, ಕತ್ತು ಒಂದು ಕಡೆಗೆ ತಿರುಚಿಕೊಂಡೇ ಬೆಳೆದದ್ದು, ಇವೂ ಮುಖವನ್ನು ವಾರೆ ಮಾಡುತ್ತವೆ. ಒಂದೊಂದಕ್ಕೆ ಒಂದೊಂದು ಚಿಕಿತ್ಸೆ, ಒಂದೊಂದು ವಯಸ್ಸು. ಎಲ್ಲಕ್ಕೂ ಸಾಮಾನ್ಯವಾದ ಪ್ರಶ್ನೆ ಒಂದೇ: ಈ ಮುಖದ ನಡು ಎಲ್ಲಿದೆ?

ಕಂಪ್ಯೂಟರು ಬರುವ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದುದು ಎಕ್ಸ್‌ರೇ ಮತ್ತು ಪ್ಲಾಸ್ಟರಿನಲ್ಲಿ. ತಲೆಯನ್ನು ಒಂದೇ ಭಂಗಿಯಲ್ಲಿ ಹಿಡಿದು ಎಕ್ಸ್‌ರೇ ತೆಗೆದು ಅಳೆಯುವ ಸೆಫಲೋಮೆಟ್ರಿ ವಿಧಾನವನ್ನು 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಬೇರೆಬೇರೆಯಾಗಿ ರೂಪಿಸಿದರು. ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಆರ್ಟಿಕ್ಯುಲೇಟರ್ ಎಂಬ ದವಡೆಯಂತೆ ಆಡುವ ಸಲಕರಣೆಗೆ ಕೂರಿಸಿ, ಗರಗಸದಿಂದ ಪ್ಲಾಸ್ಟರನ್ನು ಕುಯ್ದು, ಮೇಣದಲ್ಲಿ ಅಂಟಿಸಿ, ವರ್ನಿಯರ್ ಹಿಡಿದು ಅಳೆಯುತ್ತಿದ್ದರು. ದವಡೆ ಮುಂದೆ ಹಿಂದೆ ಮಾತ್ರ ಸರಿಯಬೇಕಾದಲ್ಲಿ ಈ ಕ್ರಮ ಚೆನ್ನಾಗಿಯೇ ನಡೆಯಿತು, ಇವತ್ತೂ ನಡೆಯುತ್ತದೆ. ವಾರೆ ಮುಖದಲ್ಲಿ ಮಾತ್ರ ಅದು ಬುಡದಲ್ಲೇ ಎಡವುತ್ತಿತ್ತು. ಅಚ್ಚನ್ನು ಸಲಕರಣೆಗೆ ಕೂರಿಸಲು ಬಳಸುವ ಫೇಸ್‌ಬೋ ಎರಡು ಕಿವಿಗಳನ್ನು ಆಧಾರವಾಗಿ ಹಿಡಿಯುತ್ತದೆ. ಒಂದು ಕಿವಿ ಇನ್ನೊಂದಕ್ಕಿಂತ ಕೆಳಗಿದ್ದರೆ, ಅಥವಾ ಹುಟ್ಟಿನಿಂದ ಒಂದು ಕಿವಿಯೇ ಸರಿಯಾಗಿ ಇಲ್ಲದಿದ್ದರೆ, ಫೇಸ್‌ಬೋ ವಾರೆಯಾಗಿ ಕೂರುತ್ತದೆ. ಆಗ ಅಚ್ಚು ನೇರವಾಗಿ ಕಾಣುತ್ತದೆ, ಮುಖದ ವಾರೆ ಅಚ್ಚಿನಲ್ಲಿ ಮಾಯವಾಗುತ್ತದೆ. ತಪ್ಪು ಗೊತ್ತಾಗುವುದು ಶಸ್ತ್ರಚಿಕಿತ್ಸೆ ಮುಗಿದ ಮೇಲೆ. ಕಂಪ್ಯೂಟರ್ ಯೋಜನೆಯ ನಿಜವಾದ ಲಾಭ ಇಂಥ ರೋಗಿಗಳಿಗೇ ಹೆಚ್ಚು. ನೇರ ಮುಖದವರಿಗೆ ಅದು ಅನುಕೂಲ, ವಾರೆ ಮುಖದವರಿಗೆ ಹೆಚ್ಚುಕಡಿಮೆ ಅಗತ್ಯ.

ಇದಕ್ಕೆ ದಾರಿ ಮಾಡಿದ್ದು ಸಿಟಿ ಸ್ಕ್ಯಾನ್. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರದಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆದದ್ದು 1971ರಲ್ಲಿ, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ 1979ರ ನೊಬೆಲ್ ಬಂತು. ಸಿಟಿಯ ಪದರಗಳನ್ನು ಒಂದರ ಮೇಲೊಂದು ಜೋಡಿಸಿ ತಲೆಬುರುಡೆಯ ಮೂರು ಆಯಾಮದ ಚಿತ್ರ ಕಟ್ಟಿ, ಮುಖದ ಶಸ್ತ್ರಚಿಕಿತ್ಸೆಯ ಯೋಜನೆಗೆ ಬಳಸಬಹುದೆಂದು ಅಮೆರಿಕದ ಸೇಂಟ್ ಲೂಯಿಯಲ್ಲಿ ಮೈಕೆಲ್ ವ್ಯಾನಿಯರ್, ಜೆಫ್ರಿ ಮಾರ್ಷ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಹಲ್ಲು ಮತ್ತು ದವಡೆಗೆಂದೇ ತಯಾರಾದ ಕೋನ್ ಬೀಮ್ ಸಿಟಿ 1990ರ ದಶಕದ ಕೊನೆಗೆ ಬಂತು. ಸಾಮಾನ್ಯ ಸಿಟಿಗಿಂತ ಅದರಲ್ಲಿ ವಿಕಿರಣ ಬಹುಮಟ್ಟಿಗೆ ಕಡಿಮೆ. 3ಡಿ ಮುದ್ರಣಕ್ಕೆ ಚಾರ್ಲ್ಸ್ ಹಲ್ 1986ರಲ್ಲಿ ಪೇಟೆಂಟ್ ಪಡೆದಿದ್ದರು. ಸ್ಕ್ಯಾನು, ತಂತ್ರಾಂಶ, ಮುದ್ರಣ ಮೂರೂ ಒಂದು ಕಡೆ ಕೂಡಿದಾಗ ಇಂದಿನ ಕ್ರಮ ರೂಪುಗೊಂಡಿತು.

ಯೋಜನೆ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಪದರಗಳ ಸ್ಕ್ಯಾನಿನಿಂದ ಶುರುವಾಗುತ್ತದೆ. ರೋಗಿ ಹಲ್ಲು ಕಚ್ಚಿಕೊಂಡ ಭಂಗಿಯೇ ಮುಂದಿನ ಲೆಕ್ಕಕ್ಕೆಲ್ಲ ಆಧಾರ. ವಾರೆ ದವಡೆಯವರಿಗೆ ಹಲ್ಲು ಕೂಡಿಸಲು ದವಡೆಯನ್ನು ಪಕ್ಕಕ್ಕೆ ಜಾರಿಸುವ ಅಭ್ಯಾಸವಿರುತ್ತದೆ. ಆ ಜಾರಿದ ಭಂಗಿಯಲ್ಲೇ ಸ್ಕ್ಯಾನ್ ಆದರೆ ಇಲ್ಲದ ವಾರೆಯೊಂದು ಸೇರಿಕೊಳ್ಳುತ್ತದೆ. ಅದಕ್ಕಾಗಿ ಕೀಲು ಸರಿಯಾಗಿ ಕೂತ ಸ್ಥಿತಿಯಲ್ಲಿ ಮೇಣದ ತುಂಡೊಂದನ್ನು ಕಚ್ಚಿಸಿ ಸ್ಕ್ಯಾನ್ ಮಾಡುತ್ತಾರೆ. ಹಲ್ಲಿಗೆ ಕ್ಲಿಪ್ ಹಾಕಿದ್ದರೆ, ಲೋಹ ತುಂಬಿಸಿದ್ದರೆ, ಚಿತ್ರದಲ್ಲಿ ಗೆರೆಗೆರೆ ಬಂದು ಹಲ್ಲಿನ ಅಂಚು ಮಸುಕಾಗುತ್ತದೆ. ಹಲ್ಲನ್ನು ಬೇರೆಯಾಗಿ ಸ್ಕ್ಯಾನ್ ಮಾಡಿ ಮೂಳೆಯ ಚಿತ್ರಕ್ಕೆ ಕೂಡಿಸುವುದು ಇದಕ್ಕೇ.

ಸಿಟಿಯ ಪ್ರತಿ ಚುಕ್ಕಿಗೂ ಒಂದು ಸಾಂದ್ರತೆಯ ಅಂಕಿ ಇರುತ್ತದೆ: ನೀರಿಗೆ 0, ಗಾಳಿಗೆ −1000, ಮೂಳೆಗೆ ನೂರಾರು ಮತ್ತು ಅದಕ್ಕೂ ಮೇಲೆ. ಇಂತಿಷ್ಟಕ್ಕಿಂತ ಹೆಚ್ಚಿರುವುದನ್ನೆಲ್ಲ ಮೂಳೆ ಎಂದು ಹಿಡಿ ಎಂದರೆ ತಂತ್ರಾಂಶ ತಲೆಬುರುಡೆಯನ್ನು ಬಿಡಿಸಿ ತೋರಿಸುತ್ತದೆ. ತೆಳುಮೂಳೆ ಇರುವ ಕಡೆ ತೂತು ಬೀಳುತ್ತದೆ, ಕಾಂಡೈಲು ತಲೆಬುರುಡೆಗೆ ಅಂಟಿದಂತೆ ಬರುತ್ತದೆ. ಅದನ್ನೆಲ್ಲ ಕೈಯಿಂದ ತಿದ್ದಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈ ಕೆಲಸವನ್ನು ಬಹಳ ವೇಗವಾಗಿ ಮಾಡತೊಡಗಿವೆ. ಬೆಸೆದುಕೊಂಡ ಕೀಲಿನಲ್ಲಿ ದವಡೆ ಎಲ್ಲಿ ಮುಗಿಯಿತು, ತಲೆಬುರುಡೆ ಎಲ್ಲಿ ಶುರುವಾಯಿತು ಎಂಬ ಗಡಿಯನ್ನು ಮಾತ್ರ ಪದರ ಪದರವಾಗಿ ನೋಡಿ ವೈದ್ಯರೇ ಗುರುತಿಸಬೇಕಾಗುತ್ತದೆ. ಕೆಳದುಟಿಗೆ ಸ್ಪರ್ಶ ಕೊಡುವ ನರ ದವಡೆಯೊಳಗೆ ಸಾಗುವ ಕಾಲುವೆಯನ್ನೂ ಇದೇ ಹಂತದಲ್ಲಿ ಬಣ್ಣ ಹಚ್ಚಿ ಗುರುತು ಮಾಡುತ್ತಾರೆ.

ಇಷ್ಟಾದ ಮೇಲೆ ನಡುಗೆರೆ. ಮೂಗಿನ ಬುಡ, ತಲೆಬುರುಡೆಯ ತಳದ ಒಂದೆರಡು ಬಿಂದುಗಳನ್ನು ಸೇರಿಸಿ ಮುಖವನ್ನು ಎಡಬಲವಾಗಿ ಸೀಳುವ ಒಂದು ಸಮತಲ ಎಳೆಯಬಹುದು. ಒಂದು ಬದಿಯನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಇನ್ನೊಂದು ಬದಿಯ ಮೇಲೆ ಕೂರಿಸಿ ನೋಡಬಹುದು. ಕೆನ್ನೆ ಮೂಳೆ ಮುರಿದವರಿಗೆ, ಗಡ್ಡೆಗಾಗಿ ದವಡೆ ತೆಗೆಸಿಕೊಂಡವರಿಗೆ ಈ ಕನ್ನಡಿ ಉಪಾಯ ಬಹಳ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅವರ ಇನ್ನೊಂದು ಬದಿ ನಿಜಕ್ಕೂ ಸರಿಯಾಗಿಯೇ ಇರುತ್ತದೆ. ಬೆಳೆಯುತ್ತಾ ವಾರೆಯಾದ ಮುಖದಲ್ಲಿ ಸರಿಯಾದ ಬದಿ ಎಂಬುದೇ ಇರುವುದಿಲ್ಲ. ಒಂದು ಕಡೆ ಕುಳ್ಳಗಾದಾಗ ಇನ್ನೊಂದು ಕಡೆ ಅದಕ್ಕೆ ಹೊಂದಿಕೊಳ್ಳಲು ಬಾಗಿರುತ್ತದೆ, ಮೇಲ್ದವಡೆ ಇಳಿದಿರುತ್ತದೆ, ಹಲ್ಲುಗಳು ವಾಲಿರುತ್ತವೆ, ಕೆಲವರಲ್ಲಿ ಕಣ್ಣಿನ ಗೂಡೂ ಮೇಲೆ ಕೆಳಗಾಗಿರುತ್ತದೆ. ಅಂಥ ಮುಖದ ಒಂದು ಬದಿಯನ್ನು ಮಾದರಿಯಾಗಿ ಹಿಡಿದರೆ ವಾರೆಯನ್ನೇ ನಕಲು ಮಾಡಿದಂತಾಗುತ್ತದೆ.

ಹಾಗಾಗಿ ರೋಗಿಯನ್ನು ಎದುರಿಗೆ ನಿಲ್ಲಿಸಿ ನೋಡುವ ಹಳೆಯ ಪದ್ಧತಿಯನ್ನು ಕಂಪ್ಯೂಟರು ತೆಗೆದುಹಾಕಿಲ್ಲ. ದೂರದ ಬಿಂದುವೊಂದನ್ನೋ ಕನ್ನಡಿಯಲ್ಲಿ ತನ್ನದೇ ಕಣ್ಣುಗಳನ್ನೋ ನೋಡುತ್ತಾ ನಿರಾಳವಾಗಿ ನಿಂತಾಗ ತಲೆ ತಾನಾಗಿ ಹಿಡಿಯುವ ಭಂಗಿಯಲ್ಲಿ ಫೋಟೊ ತೆಗೆಯುತ್ತಾರೆ. ಹಿನ್ನೆಲೆಯಲ್ಲಿ ಗಾರೆ ಕೆಲಸದವರು ಬಳಸುವಂಥದೇ ತೂಗುಗುಂಡಿನ ದಾರ ನೇತಾಡುತ್ತಿರುತ್ತದೆ. ಆ ದಾರವೇ ನಿಜವಾದ ಲಂಬ. ತುಟಿಯ ನಡುವಿನಿಂದ ಹಲ್ಲಿನ ನಡು ಎಷ್ಟು ಸರಿದಿದೆ, ನಕ್ಕಾಗ ಎಡಬಲದಲ್ಲಿ ಎಷ್ಟೆಷ್ಟು ಒಸಡು ಕಾಣುತ್ತದೆ ಎಂದು ಸ್ಕೇಲು ಹಿಡಿದು ಅಳೆಯುತ್ತಾರೆ. ಚಪ್ಪಟೆ ಮರದ ಕಡ್ಡಿಯೊಂದನ್ನು ಅಡ್ಡಲಾಗಿ ಕಚ್ಚಿಸಿದರೆ ಹಲ್ಲಿನ ಸಾಲಿನ ಓರೆ ಎದುರಿಗೇ ಕಾಣುತ್ತದೆ. ಈ ಅಳತೆಗಳ ಪ್ರಕಾರ ಪರದೆಯ ಮೇಲಿನ ತಲೆಬುರುಡೆಯನ್ನು ತಿರುಗಿಸಿ ನಿಲ್ಲಿಸುತ್ತಾರೆ. ನಡುಗೆರೆಯನ್ನು ತಂತ್ರಾಂಶ ಎಳೆಯುತ್ತದೆ, ಎಲ್ಲಿ ಎಳೆಯಬೇಕೆಂದು ಹೇಳುವವರು ಮನುಷ್ಯರು. ಇಲ್ಲಿ ಎರಡು ಡಿಗ್ರಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಅಷ್ಟೇ ತಪ್ಪಿ, ಆದರೆ ಬಹಳ ಅಚ್ಚುಕಟ್ಟಾಗಿ, ಸಾಗುತ್ತದೆ.

ಪರದೆಯ ಮೇಲಿನ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೇಲ್ದವಡೆಯಿಂದ ಶುರು. ಅದನ್ನು ಮೂಗಿನ ತಳದ ಮಟ್ಟದಲ್ಲಿ ಅಡ್ಡಲಾಗಿ ಕತ್ತರಿಸಿ ಬಿಡಿಸುವುದಕ್ಕೆ ಲ ಫೋರ್ಟ್ 1 ಎಂದು ಹೆಸರು. ಬಿಡಿಸಿದ ಮೇಲ್ದವಡೆಗೆ ಮೂರು ತಿದ್ದುಪಡಿ ಬೇಕಾಗಬಹುದು. ಒಂದು ಬದಿ ಎತ್ತಿ ಓರೆ ತೆಗೆಯುವುದು, ಹಲ್ಲಿನ ನಡುವನ್ನು ಮುಖದ ನಡುವಿಗೆ ತರುವುದು, ಮೇಲಿನಿಂದ ನೋಡಿದಾಗ ಕಾಣುವ ತಿರುಚನ್ನು ಬಿಡಿಸುವುದು. ಈ ಮೂರನೆಯದು ಹಳೆಯ ಎಕ್ಸ್‌ರೇಗಳಲ್ಲಿ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಗದ್ದ ನಡುವಿಗೆ ಬಂದರೂ ಒಂದು ದವಡೆಕೋನ ಆಚೆಗೆ ಚಾಚಿಕೊಂಡೇ ಉಳಿದ ರೋಗಿಗಳ ಹಿಂದೆ ಬಹಳ ಸಲ ಇದೇ ಕಾರಣವಿರುತ್ತಿತ್ತು. ಮೇಲ್ದವಡೆ ನಿಂತ ಮೇಲೆ ಕೆಳದವಡೆಯನ್ನು ಎರಡೂ ಬದಿಯಲ್ಲಿ ಉದ್ದುದ್ದ ಸೀಳಿ ಹಲ್ಲಿಗೆ ಹಲ್ಲು ಕೂಡುವಂತೆ ತರುತ್ತಾರೆ. ಈ ಸೀಳುವ ವಿಧಾನವನ್ನು ಹ್ಯೂಗೊ ಓಬ್ವೆಗೆಸರ್ 1950ರ ದಶಕದಲ್ಲಿ ರೂಪಿಸಿದರು. ದವಡೆ ತಿರುಗಿದಾಗ ಒಂದು ಬದಿಯಲ್ಲಿ ಮೂಳೆಗಳು ಒಂದಕ್ಕೊಂದು ತಾಗುತ್ತವೆ, ಇನ್ನೊಂದು ಬದಿಯಲ್ಲಿ ಸಂದಿ ಬೀಳುತ್ತದೆ. ಎಲ್ಲಿ ಎಷ್ಟು ಹೆರೆಯಬೇಕು, ಎಲ್ಲಿ ಮೂಳೆ ತುಂಬಬೇಕು ಎಂಬುದು ಪರದೆಯಲ್ಲೇ ಬಣ್ಣದಲ್ಲಿ ಕಾಣುತ್ತದೆ. ಉಳಿದ ವಾರೆಯನ್ನು ಗದ್ದದ ತುದಿ ಕತ್ತರಿಸಿ ಸರಿಸುವುದರಲ್ಲಿ ತಿದ್ದುತ್ತಾರೆ.

ಇಷ್ಟೆಲ್ಲ ಮಾಡುವ ಮುನ್ನ ಬೆಳವಣಿಗೆ ನಿಂತಿದೆಯೇ ಎಂದು ತಿಳಿಯಬೇಕು. ಕಾಂಡೈಲು ಇನ್ನೂ ಬೆಳೆಯುತ್ತಿದೆ ಎಂಬ ಅನುಮಾನವಿದ್ದರೆ ಟೆಕ್ನಿಷಿಯಂ ಎಂಬ ವಿಕಿರಣ ಸೂಸುವ ವಸ್ತುವನ್ನು ಹಾಯಿಸಿ, ಮೂಳೆ ಅದನ್ನು ಎಷ್ಟು ಹೀರುತ್ತದೆ ಎಂದು ತೋರಿಸುವ ಸ್ಪೆಕ್ಟ್ ಸ್ಕ್ಯಾನ್ ಮಾಡುತ್ತಾರೆ. ಎರಡು ಬದಿಯ ನಡುವೆ 10 ಶೇಕಡಾ ಅಂಶಕ್ಕಿಂತ ಹೆಚ್ಚು ಅಂತರ ಬಂದರೆ ಹೆಚ್ಚು ಹೀರಿದ ಬದಿ ಚುರುಕಾಗಿದೆ ಎಂದು ಭಾವಿಸುತ್ತಾರೆ. ಹಲ್ಲುಗಳ ವಾಲು ತೆಗೆಯಲು ಕ್ಲಿಪ್ ಹಾಕಿ ವರ್ಷ, ಒಂದೂವರೆ ವರ್ಷ ಕಾಯುವುದೂ ಸಾಮಾನ್ಯ.

ಬೆಸೆದ ಕೀಲಿನ ಮಗುವಿಗೆ ಮಾತ್ರ ಕಾಯುವ ಲೆಕ್ಕ ಬೇರೆ. ಊಟ, ಉಸಿರು, ಬೆಳವಣಿಗೆ ಮೂರಕ್ಕೂ ಅಡ್ಡಿಯಾಗಿರುವಾಗ ಹದಿನೆಂಟರವರೆಗೆ ಕಾಯಲಾಗದು. ಬಾಯಿಯೇ ತೆರೆಯದ ಮಗುವಿಗೆ ಅರಿವಳಿಕೆ ಕೊಡುವುದೇ ಮೊದಲ ಸವಾಲು; ಮೂಗಿನ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ಉಸಿರಿನ ದಾರಿ ಮಾಡಬೇಕಾಗುತ್ತದೆ. ಬೆಸೆದ ಮೂಳೆಯ ಒಳಬದಿಯಲ್ಲೇ ದೊಡ್ಡ ರಕ್ತನಾಳ, ಅದರ ಮೇಲೆ ತಲೆಬುರುಡೆಯ ತೆಳು ತಳ. ಎಷ್ಟು ಆಳ ಕೊರೆಯಬಹುದು ಎಂಬುದನ್ನು ಸ್ಕ್ಯಾನಿನಲ್ಲಿ ಮೊದಲೇ ಅಳೆದು ಇಟ್ಟುಕೊಳ್ಳುವುದರಿಂದ ಆಗುವ ಉಪಕಾರ ಚಿಕ್ಕದಲ್ಲ. ಕುಳ್ಳಗಾದ ದವಡೆಯನ್ನು ಉದ್ದ ಮಾಡಲು ಮೂಳೆಯನ್ನು ಕತ್ತರಿಸಿ, ನಡುವೆ ಸ್ಕ್ರೂ ಇರುವ ಸಲಕರಣೆ ಕೂರಿಸಿ, ಕೆಲವು ದಿನ ಬಿಟ್ಟು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಎಳೆಯುತ್ತಾರೆ. ಸಂದಿಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಮನುಷ್ಯರ ದವಡೆಗೆ ಈ ವಿಧಾನವನ್ನು ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ 1992ರಲ್ಲಿ ವರದಿ ಮಾಡಿದರು. ಸಲಕರಣೆ ಯಾವ ಕೋನದಲ್ಲಿ ಕೂರುತ್ತದೋ ಮೂಳೆ ಅದೇ ದಿಕ್ಕಿಗೆ ಉದ್ದವಾಗುತ್ತದೆ. ಕೋನ ತಪ್ಪಿದರೆ ಆಮೇಲೆ ತಿದ್ದುವುದು ಕಷ್ಟ, ಅದಕ್ಕೇ ಪರದೆಯ ಮೇಲೆ ಮೊದಲು ಎಳೆದು ನೋಡುತ್ತಾರೆ.

ಪರದೆಯ ಮೇಲಿನ ಯೋಜನೆ ಆಪರೇಷನ್ ಥಿಯೇಟರಿಗೆ ಬರುವುದು ಮುದ್ರಿತ ವಸ್ತುಗಳ ರೂಪದಲ್ಲಿ. ಅವುಗಳಲ್ಲಿ ಸರಳವಾದದ್ದು ಸ್ಪ್ಲಿಂಟ್. ಹಲ್ಲಿನ ಎರಡು ಸಾಲಿನ ನಡುವೆ ಕೂರುವ, ರಾಳದಲ್ಲಿ ಮುದ್ರಿಸಿದ, ಕುದುರೆಲಾಳದ ಆಕಾರದ ತುಂಡು ಅದು. ಒಂದು ಮುಖಕ್ಕೆ ಮೇಲಿನ ಹಲ್ಲಿನ ಗುಳಿಗಳು, ಇನ್ನೊಂದಕ್ಕೆ ಕೆಳಗಿನವು. ಬಿಡಿಸಿದ ಮೇಲ್ದವಡೆಯನ್ನು ಇದಕ್ಕೆ ಕೂರಿಸಿದರೆ ಎಡಬಲ, ಹಿಂದುಮುಂದಿನ ಜಾಗ ಸಿಗುತ್ತದೆ. ಮೇಲೆ ಕೆಳಗಿನ ಎತ್ತರವನ್ನು ಸ್ಪ್ಲಿಂಟ್ ಹೇಳುವುದಿಲ್ಲ; ಮೂಗಿನ ಬುಡದಲ್ಲಿ ಸಣ್ಣ ತಂತಿ ಕೂರಿಸಿ ಅಲ್ಲಿಂದ ಹಲ್ಲಿನವರೆಗೆ ಅಳೆಯಬೇಕು. ಅದೂ ಅಲ್ಲದೆ, ಮಲಗಿ ಅರಿವಳಿಕೆಯಲ್ಲಿರುವ ರೋಗಿಯ ಕಾಂಡೈಲು ಕೀಲಿನಿಂದ ಚೂರು ಜಾರಿದ್ದರೆ ಸ್ಪ್ಲಿಂಟ್ ಎಷ್ಟು ನಿಖರವಾಗಿದ್ದರೂ ದವಡೆ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಈ ಕೊರತೆ ತುಂಬಲು ಬಂದದ್ದು ಮೂಳೆಯ ಮೇಲೇ ಕೂತು ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಗೈಡ್ ಮತ್ತು ಆ ರೋಗಿಗೆಂದೇ ಮಾಡಿದ ಟೈಟಾನಿಯಂ ಪ್ಲೇಟ್. ಗೈಡಿನ ತೂತುಗಳಲ್ಲಿ ಮೊದಲೇ ಕೊರೆದ ರಂಧ್ರಗಳಿಗೆ ಪ್ಲೇಟ್ ಕೂತರೆ ಮೂಳೆ ತಾನಾಗಿ ಯೋಜನೆಯ ಜಾಗಕ್ಕೆ ಬರುತ್ತದೆ. ಇದರ ವೆಚ್ಚ ಸ್ಪ್ಲಿಂಟಿನ ಹಲವು ಪಟ್ಟು. ಬಹಳ ಜನರಿಗೆ ಸ್ಪ್ಲಿಂಟ್ ಸಾಕು ಎಂಬುದನ್ನೂ ಹೇಳಬೇಕು.

ಮೂಳೆಯ ಮಟ್ಟಿಗೆ ಇಷ್ಟು ಹೇಳಬಲ್ಲ ಕಂಪ್ಯೂಟರು ಚರ್ಮ, ಮಾಂಸದ ವಿಷಯದಲ್ಲಿ ಅಂದಾಜು ಮಾತ್ರ ಕೊಡುತ್ತದೆ. ಚಿಕಿತ್ಸೆಯ ನಂತರದ ಮುಖ ಎಂದು ಪರದೆಯಲ್ಲಿ ತೋರಿಸುವ ಚಿತ್ರವನ್ನು ಕುಟುಂಬದವರು ಮಾತು ಕೊಟ್ಟಂತೆ ತೆಗೆದುಕೊಳ್ಳಬಾರದು, ವೈದ್ಯರು ಹಾಗೆ ತೋರಿಸಲೂಬಾರದು. ತುಟಿಯ ಲೆಕ್ಕ ಬಹಳ ಸಲ ತಪ್ಪುತ್ತದೆ. ಒಂದು ಬದಿಯ ಸ್ನಾಯು ಹುಟ್ಟಿನಿಂದ ತೆಳುವಾಗಿದ್ದರೆ ಮೂಳೆ ಸರಿಯಾದ ಮೇಲೂ ಕೆನ್ನೆ ಸಮ ಬರುವುದಿಲ್ಲ. ಆಮೇಲೆ ಹೊಟ್ಟೆಯ ಕೊಬ್ಬು ತೆಗೆದು ತುಂಬುವುದುಂಟು. ಕೆಳದುಟಿಯ ಜೋಮು ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಶಾಶ್ವತವಾಗಿ ಉಳಿಯುವ ಸಂಭವವನ್ನು ಯಾವ ತಂತ್ರಾಂಶವೂ ತೆಗೆದುಹಾಕಿಲ್ಲ.

ಆರಂಭದಲ್ಲಿ ಹೇಳಿದ ನಾಲ್ಕು ತಾಲ್ಲೂಕುಗಳ ಜನಕ್ಕೆ ಆಸ್ಪತ್ರೆಯ ದಾರಿಗಳು ಹಳೆಯ ಜಿಲ್ಲೆಗಳ ದಾರಿಗಳೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯವರಿಗೆ ಇವತ್ತೂ ಶಿವಮೊಗ್ಗವೇ ಹತ್ತಿರ. ದವಡೆ ಶಸ್ತ್ರಚಿಕಿತ್ಸೆಯ ವಿಭಾಗಗಳಿರುವುದು ದಂತ ವೈದ್ಯಕೀಯ ಕಾಲೇಜುಗಳಲ್ಲಿ. ದಾವಣಗೆರೆಯಲ್ಲಿ 1979ರಲ್ಲಿ ಶುರುವಾದ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ, ಶಿವಮೊಗ್ಗದಲ್ಲಿ ಶರಾವತಿ ದಂತ ಕಾಲೇಜು. ಸೀಳುತುಟಿ ಮತ್ತು ಮುಖದ ಜನ್ಮಜಾತ ತೊಂದರೆಗಳ ಚಿಕಿತ್ಸೆಗೆ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ಘಟಕ ಹೆಸರಾಗಿದೆ. ಕಂಪ್ಯೂಟರ್ ಯೋಜನೆಯಿಂದ ದೂರದ ಊರಿನವರಿಗೆ ಒಂದು ಲಾಭವಿದೆ: ಓಡಾಡಬೇಕಾದದ್ದು ರೋಗಿಯಲ್ಲ, ಫೈಲು. ಒಮ್ಮೆ ಸರಿಯಾಗಿ ತೆಗೆದ ಸ್ಕ್ಯಾನನ್ನು ಬೇರೆ ಊರಿನ ತಜ್ಞರೂ ನೋಡಿ ಯೋಜನೆ ತಯಾರಿಸಬಹುದು. ಅದಕ್ಕೆ ಸ್ಕ್ಯಾನ್ ಸೆಂಟರಿನಿಂದ ಫಿಲ್ಮಿನ ಜೊತೆ ಡೈಕಾಮ್ ಎಂಬ ಮೂಲ ಸ್ಕ್ಯಾನ್ ಫೈಲುಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆಯಬೇಕು. ಫಿಲ್ಮು ಮಾತ್ರ ಇದ್ದರೆ ಮತ್ತೆ ಸ್ಕ್ಯಾನ್, ಮತ್ತೆ ಖರ್ಚು, ಮಗುವಿಗೆ ಮತ್ತೆ ವಿಕಿರಣ.

ತಂತ್ರಾಂಶದ ಬೆಲೆ ಒಂದು ಕಾಲಕ್ಕೆ ದೊಡ್ಡ ತಡೆಯಾಗಿತ್ತು. ಬ್ರೆಜಿಲ್ ಸರ್ಕಾರದ ಸಂಶೋಧನಾ ಕೇಂದ್ರ ರೂಪಿಸಿದ ಇನ್ವೆಸಾಲಿಯಸ್, ಅಮೆರಿಕದಲ್ಲಿ ಹುಟ್ಟಿದ 3ಡಿ ಸ್ಲೈಸರ್ ಈಗ ಉಚಿತವಾಗಿ ಸಿಗುತ್ತವೆ. ಸ್ಲೈಸರ್ ಸಂಶೋಧನೆಗೆಂದು ಬಂದದ್ದು, ಚಿಕಿತ್ಸೆಗೆ ಅನುಮೋದನೆ ಪಡೆದದ್ದಲ್ಲ. ಅದರ ಅಳತೆಗಳನ್ನು ಬಳಸುವ ವೈದ್ಯರೇ ಪರೀಕ್ಷಿಸಿಕೊಳ್ಳಬೇಕು. ಚಿಕಿತ್ಸೆಯ ವೆಚ್ಚಕ್ಕೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು. ಯಾವ ಶಸ್ತ್ರಚಿಕಿತ್ಸೆ ಪಟ್ಟಿಯಲ್ಲಿದೆ, ಮುದ್ರಿತ ಗೈಡ್ ಮತ್ತು ಪ್ಲೇಟಿನ ಖರ್ಚು ಅದರಲ್ಲಿ ಸೇರಿದೆಯೇ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸುವುದು ಒಳ್ಳೆಯದು. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಮಕ್ಕಳ ತಪಾಸಣೆ ಮಾಡುತ್ತಿವೆ. ಗದ್ದದಡಿ ಹೊಲಿಗೆ ಗುರುತಿದ್ದು ಮೂರು ಬೆರಳು ಬಾಯೊಳಗೆ ಹೋಗದ ಮಗು ಅಲ್ಲೇ ಪತ್ತೆಯಾದರೆ ಮುಖ ವಾರೆಯಾಗುವ ಮೊದಲೇ ಚಿಕಿತ್ಸೆ ಸಿಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಮತ್ತೊಮ್ಮೆ ಸ್ಕ್ಯಾನ್ ತೆಗೆದು ಯೋಜನೆಯ ಚಿತ್ರದ ಮೇಲೆ ಕೂರಿಸಿ ನೋಡುವ ಕ್ರಮವಿದೆ. ಮೂಳೆಯ ಜಾಗದಲ್ಲಿ 2 ಮಿಲಿಮೀಟರ್, ತಿರುವಿನಲ್ಲಿ 4 ಡಿಗ್ರಿಯೊಳಗಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಬೆಸೆದ ಕೀಲು ಬಿಡಿಸಿಕೊಂಡ ಮಕ್ಕಳು ಬಾಯಿ ತೆರೆಯುವ ವ್ಯಾಯಾಮವನ್ನು ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ ಮಾಡಬೇಕು. ಮೊದಮೊದಲು ನೋವಾಗುತ್ತದೆ, ಮಗು ಅಳುತ್ತದೆ, ಮನೆಯವರು ಕನಿಕರದಿಂದ ಬಿಟ್ಟುಬಿಡುತ್ತಾರೆ. ಕೀಲು ಮತ್ತೆ ಬೆಸೆಯುವುದು ಹೆಚ್ಚಾಗಿ ಹೀಗೆ ಬಿಟ್ಟ ಮನೆಗಳಲ್ಲಿ. ಬೆಳೆಯುವ ವಯಸ್ಸಿನಲ್ಲಿ ಉದ್ದ ಮಾಡಿದ ದವಡೆ ಇನ್ನೊಂದು ಬದಿಯ ಸಮಕ್ಕೆ ಬೆಳೆಯದೆ ಹಿಂದುಳಿಯಬಹುದು. ಅಂಥವರಿಗೆ ಹದಿನೆಂಟರ ಆಚೆಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೊದಲಿನ ಸ್ಕ್ಯಾನ್ ಫೈಲುಗಳನ್ನು ಜೋಪಾನ ಮಾಡಿದ್ದರೆ ಹೊಸ ಯೋಜನೆಯಲ್ಲಿ ದವಡೆ ಯಾವ ಬದಿಯಲ್ಲಿ ಎಷ್ಟು ಬೆಳೆದಿದೆ ಎಂದು ಅಳೆದು ನೋಡಬಹುದು.